ಉಸಿರಿನ ಪಾಠ ಕನ್ನಡದಲ್ಲೇ ಆಗಲಿ!

ನಂದೂರಿನ, ಕಲಬುರಗಿಯ ಗೆಳೆಯರೇ, ಮುರುಡೇಶ್ವರದ ಕಡಲಾಚೆಯ ನೇತ್ರಾಣಿ ದ್ವೀಪ ನಮ್ಮದೇ. ಆದರೆ ನಾನೊಂದು ಕಡೆ ಸ್ಕೂಬಾ ಕಲಿಯಲು ಹೋದಾಗ ಸಹಿ ಹಾಕುವ ಕಾಗದ ಇಂಗ್ಲಿಷಿನಲ್ಲಿ, ಪಾಠ ಹಿಂದಿಯಲ್ಲಿ!

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಉಸಿರು ಬಿಗಿಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿದೀತು. ‘ಉಸಿರು ಹಿಡಿಯಬೇಡ’ ಎನ್ನಲು ಕನ್ನಡಕ್ಕೇನು ಬಡತನ?

ಸಿಲಿಂಡರ್, ರೆಗ್ಯುಲೇಟರ್ ಬಾಡಿಗೆಗೆ ಸಿಗುತ್ತವೆ. ಸಾಲ ಮಾಡಿ ಕೊಳ್ಳಬೇಡಿ. ಮಾಸ್ಕ್ ಮಾತ್ರ ಸ್ವಂತದ್ದಿರಲಿ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದರೆ ಅಂಟಿ ನಿಲ್ಲಬೇಕು. (ದಪ್ಪ ಮೀಸೆಯವರೇ, ಸೋರುವುದುಂಟು!)

ಹೋದಲ್ಲಿ ಕನ್ನಡದಲ್ಲೇ ಕೇಳಿ. ಕನ್ನಡದಲ್ಲಿ ತಿಳಿಸಿ ಹೇಳುವವರು ಬರುವತನಕ ಸಹಿ ಹಾಕಬೇಡಿ, ದೋಣಿ ಹತ್ತಬೇಡಿ!