ಒಂದು ಗಿಡದ ಮಲ್ಲಿಗೆ ನಮಗೂ ಇರಲಿ

ಸೋದರಿಯರೇ, ಮಾಘದ ಚಳಿ ಕಳೆದು ಬಿಸಿಲು ಏರಿತೆಂದರೆ ನಮ್ಮ ಉಡುಪಿ, ಕಾಪು ಕಡೆಯ ಅಂಗಳದ ಮಲ್ಲಿಗೆಗೆ ಎಲ್ಲಿಲ್ಲದ ಹುಮ್ಮಸ್ಸು. ಗಿಡದ ತುಂಬ ಎಳೆ ಚಿಗುರು, ಚಿಗುರಿನ ತುದಿಗೆಲ್ಲ ಮೊಗ್ಗು. ಆದರೆ ಶಂಕರಪುರದ ಸುತ್ತಿನ ಮನೆಗಳಲ್ಲಿ ಒಂದು ವಿಚಿತ್ರ ಉಂಟು. ಇಷ್ಟೆಲ್ಲ ಮಲ್ಲಿಗೆ ಬೆಳೆದರೂ ಗಿಡದಲ್ಲಿ ಅರಳಿದ ಹೂ ಕಾಣಸಿಗುವುದು ಅಪರೂಪ! ಅರಳಿದ ಮೇಲೆ ಮಾರಾಟಕ್ಕೆ ಆಗುವುದಿಲ್ಲವಲ್ಲ. ಹಾಗಾಗಿ ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಕಟ್ಟೆಗೆ ಕಳಿಸಿಬಿಡುತ್ತೇವೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದೂರದ ಮುಂಬಯಿಯವರು ಮುಡಿಯುತ್ತಾರೆ, ಬೆಳೆಸಿದವಳ ಜಡೆ ಬರಿದು.

ಹೂವಿನ ದುಡ್ಡು ಬೇಡವೆಂದು ನಾನು ಹೇಳುವುದಿಲ್ಲ. ಮಕ್ಕಳ ಪುಸ್ತಕಕ್ಕೆ, ನಮ್ಮದೇ ಒಂದು ಸೀರೆಗೆ ಯಾರ ಮುಂದೆಯೂ ಕೈಯೊಡ್ಡದ ಹಾಗೆ ಮಾಡಿದ್ದು ಅದೇ ಅಲ್ವಾ? ಆದರೂ ಬಾವಿಕಟ್ಟೆಯ ಹತ್ತಿರದ ಒಂದೇ ಒಂದು ಗಿಡವನ್ನು ಮನೆಗೆಂದು ಬಿಡಿ. ದಿನಕ್ಕೆ ನೂರು ಮೊಗ್ಗು ಬಿಟ್ಟರೂ ಹೋಗುವುದು ಒಂದು ಚೆಂಡಿನ ಎಂಟನೇ ಒಂದು ಪಾಲು, ಅಷ್ಟೇ. ಹೂ ಹೆಚ್ಚಾಗಿ ದರ ಇಳಿದ ದಿನಗಳಲ್ಲಂತೂ ಅದು ಲೆಕ್ಕಕ್ಕೇ ಇಲ್ಲ.

ಆ ಗಿಡಕ್ಕೆ ಚೆನ್ನಾಗಿ ಬಿಸಿಲು ಬೀಳಲಿ. ಬುಡಕ್ಕೆ ಹಟ್ಟಿಗೊಬ್ಬರ, ನೆನೆಸಿದ ನೆಲಗಡಲೆ ಹಿಂಡಿ ಹಾಕಿ, ಒಣಸೊಪ್ಪು ಮುಚ್ಚಿ. ನೀರು ಮಾತ್ರ ನಿಲ್ಲಬಾರದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊಗ್ಗು ಗಿಡದಲ್ಲೇ ಬಿರಿಯುವುದನ್ನು ಐದು ನಿಮಿಷ ನಿಂತು ನೋಡಿ. ದೇವರಿಗೊಂದು ತುಂಡು, ಅತ್ತೆಗೊಂದು ತುಂಡು, ಮರೆಯದೆ ನಿಮ್ಮ ಜಡೆಗೂ ಒಂದು ತುಂಡು!