ಲಾರಿಗೆ ಕಿಲೋ ಲೆಕ್ಕದ ಬೆಲೆ, ಡ್ರೈವರನಿಗೆ?

ಕಳೆದ ವಾರ ಹುಬ್ಬಳ್ಳಿಯ ಗುಜರಿ ಸಾಲಿನಲ್ಲಿ ಒಂದು ಹಳೇ ಲಾರಿಯನ್ನು ಕೊಯ್ಯುತ್ತಿದ್ದರು. ಎಷ್ಟೋ ವರ್ಷ ಗ್ಯಾರೇಜಿನ ಹಿಂದೆ ಮುಳ್ಳುಕಂಟಿಯಲ್ಲಿ ನಿಂತಿದ್ದ ಗಾಡಿ. ಮುಂದೆ ಉದ್ದ ಮೂತಿ ಇದ್ದ ಕಾಲದ್ದು. ಕ್ಯಾಬಿನ್ನಿನ ಹಣೆಯ ಮೇಲೆ ಹಳದಿ ಬಣ್ಣದಲ್ಲಿ ಬರೆದ ಕಂಪೆನಿಯ ಹೆಸರು ಅಳಿಸಿಹೋಗಿ, ಕೊನೆಯ 'ಟ್ರಾನ್ಸ್‌ಪೋರ್ಟ್' ಎಂಬ ಮಾತು ಮಾತ್ರ ಓದಲು ಬರುತ್ತಿತ್ತು. ಗ್ಯಾಸ್ ಕಟರ್ ಅದನ್ನೂ ಎರಡು ತುಂಡು ಮಾಡಿತು.

ಪಕ್ಕದ ಕಲ್ಲಿನ ಮೇಲೆ ಒಬ್ಬ ಮುದುಕರು ಕೂತು ನೋಡುತ್ತಿದ್ದರು. "ಏನ್ ನೋಡಾಕತ್ತೀರಿ ಕಾಕಾ?" ಎಂದೆ.

"ಇದ ಗಾಡಿ ಮ್ಯಾಲ ಕ್ಲೀನರ್ ಆಗಿ ಹತ್ತಿದ್ದೆ ತಮ್ಮಾ, ಡ್ರೈವರ್ ಆಗಿ ಇಳದೆ. ಈಗ ನೋಡು, ಕಬ್ಬಣಕ್ಕ ಕಿಲೋಕ್ಕ ಇಷ್ಟು, ಹಿತ್ತಾಳಿಗೆ ಇಷ್ಟು ಅಂತ ಲೆಕ್ಕಾ ಹಾಕಾಕತ್ತಾರ. ನನ್ನ ತಕ್ಕಡ್ಯಾಗ ಇಟ್ರ ಏನ್ ಬರ್ತದ?"

ನಗುತ್ತಲೇ ಕೇಳಿದರು. ನಮಗೆ ನಗು ಬರಲಿಲ್ಲ. ಉತ್ತರವೂ ಬರಲಿಲ್ಲ. ಆ ಪ್ರಶ್ನೆಯನ್ನೇ ಇವತ್ತು ಊರಿನ ವ್ಯಾಪಾರಸ್ಥರ ಮುಂದೆ, ಸಂಜೆ ಬಸ್ಸಿಗೆ ಕಾಯುತ್ತ ಈ ಪತ್ರಿಕೆ ಓದುವ ಮಹನೀಯರ ಮುಂದೆ ಇಡುತ್ತಿದ್ದೇವೆ.

ರೈಲಿನ ಊರಿಗೆ ಲಾರಿ ಬಂದ ಬಗೆ

ಹುಬ್ಬಳ್ಳಿ ಮೊದಲಿಂದ ರೈಲಿನ ಊರು. 1880ರ ದಶಕದಿಂದ ಇಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ. ಹೀಗಿದ್ದೂ ಲಾರಿಗಳು ಇಲ್ಲಿ ಇಷ್ಟೊಂದು ಬೆಳೆದದ್ದು ಹೇಗೆ? ಒಂದು ಕಾರಣ ಹಳಿಯಲ್ಲೇ ಇತ್ತು. ನಮ್ಮದು ಮೀಟರ್‌ಗೇಜ್. ಮುಂಬೈ ಕಡೆಯದು ಬ್ರಾಡ್‌ಗೇಜ್. ಇಲ್ಲಿ ವ್ಯಾಗನ್ನಿಗೆ ತುಂಬಿದ ಅರಳೆ, ಮೆಣಸಿನಕಾಯಿ, ಕಾಳುಕಡಿ ದಾರಿಯಲ್ಲಿ ಒಂದು ಕಡೆ ಇಳಿದು ಇನ್ನೊಂದು ವ್ಯಾಗನ್ ಹತ್ತಬೇಕು. ಇಳಿಸಿ ಏರಿಸುವಾಗ ಚೀಲ ಹರಿಯುವುದು, ಸೋರುವುದು, ಕೆಲವೊಮ್ಮೆ ಎಣಿಕೆಯೇ ತಪ್ಪುವುದು. ನಮ್ಮ ಕಡೆಯ ಮುಖ್ಯ ಹಳಿ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ.

ಲಾರಿಗೆ ಈ ತಾಪತ್ರಯ ಇರಲಿಲ್ಲ. ದಲಾಲರ ಅಂಗಡಿಯ ಕಟ್ಟೆಗೆ ಬಂದು ತುಂಬಿಕೊಂಡು, ಮುಂಬೈಯ ಪೇಟೆಯಲ್ಲಿ ಕೊಳ್ಳುವವನ ಬಾಗಿಲಿಗೆ ಹೋಗಿ ಇಳಿಸುತ್ತಿತ್ತು. ಪುಣೆ–ಬೆಂಗಳೂರು ಹೆದ್ದಾರಿ ಊರೊಳಗೇ ಹಾದುಹೋಗುತ್ತಿತ್ತು. ಇನ್ನೇನು ಬೇಕು?

ಜಮ್‌ಶೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಕಂಪೆನಿಯೊಡನೆ ಕೂಡಿ 1954ರಲ್ಲಿ ಲಾರಿ ಮಾಡಲು ಶುರುಮಾಡಿದರು. 1969ರಲ್ಲಿ ಆ ಒಪ್ಪಂದ ಮುಗಿದು ಮೂತಿಯ ಮೇಲಿನ ನಕ್ಷತ್ರ ಹೋಯಿತು, 'ಟಿ' ಅಕ್ಷರ ಬಂತು. ಆದರೆ ನಮ್ಮ ಜನ ಮುಂದೆ ಎಷ್ಟೋ ವರ್ಷ 'ಬೆಂಜ್ ಗಾಡಿ' ಎಂದೇ ಕರೆದರು. ಜೊತೆಗೆ ಮದ್ರಾಸಿನ ಲೇಲ್ಯಾಂಡ್, ಅಲ್ಲಲ್ಲಿ ಫಾರ್ಗೊ, ಬೆಡ್‌ಫರ್ಡ್. ಕಾರ್ಖಾನೆಯಿಂದ ಬರುತ್ತಿದ್ದದ್ದು ಬರೀ ಚಾಸಿ. ತಲೆಗೆ ವಸ್ತ್ರ, ಕಣ್ಣಿಗೆ ಕನ್ನಡಕ ಕಟ್ಟಿಕೊಂಡು ಬಿಸಿಲು ಮಳೆಯಲ್ಲಿ ಅದನ್ನು ಓಡಿಸಿ ತರುವ ಡ್ರೈವರುಗಳೇ ಬೇರೆ ಇದ್ದರು. ಕಟ್ಟಿಗೆಯ ಬಾಡಿ ಕಟ್ಟುವವರು, ಬಣ್ಣ ಬಳಿಯುವವರು ಇಲ್ಲಿಯ ಬಡಿಗೇರರು, ಪೇಂಟರುಗಳು. ಒಂದು ಲಾರಿ ರಸ್ತೆಗಿಳಿದರೆ ನಾಲ್ಕು ಮನೆಯ ಒಲೆ ಉರಿಯುತ್ತಿತ್ತು.

1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಒಂದು ಲಾರಿಯಿಂದ ಕೆಲಸ ಶುರುಮಾಡಿದ್ದು ಎಲ್ಲರಿಗೂ ಗೊತ್ತು. ಆ ವಿಆರ್‌ಎಲ್ ಸಂಸ್ಥೆ 2015ರಲ್ಲಿ ಷೇರುಪೇಟೆ ಸೇರಿತು. 2022ರಲ್ಲಿ ಅವರ ಜೀವನ ಸಿನಿಮಾ ಆಯಿತು. ಸಂತೋಷ. ನಮ್ಮ ಭಾಗದವರೊಬ್ಬರು ಆ ಎತ್ತರಕ್ಕೆ ಏರಿದ್ದು ಹೆಮ್ಮೆಯ ವಿಷಯವೇ. ಆದರೆ ಒಂದು ಲಾರಿ ಸಾವಿರಾರು ಆದ ಕಥೆ ಒಂದಾದರೆ, ಒಂದು ಲಾರಿ ಎರಡಾಗಿ, ನಾಲ್ಕಾಗಿ, ಮತ್ತೆ ಒಂದಾಗಿ, ಕಡೆಗೆ ಗುಜರಿಗೆ ಹೋದ ಕಥೆಗಳು ಎಷ್ಟೋ. ಅವುಗಳ ಸಿನಿಮಾ ಯಾರೂ ತೆಗೆಯುವುದಿಲ್ಲ. ಆ ಗಾಡಿಗಳನ್ನು ಓಡಿಸಿದವರ ಮಾತಂತೂ ದೂರವೇ ಉಳಿಯಿತು.

ಒಂದು ಚೀಟಿಯ ಮರ್ಯಾದೆ

ಈ ಅಂಕಣ ಬರೆಯುವವನಿಗೆ ಈ ಲೋಕ ಹೊಸದಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಎಲ್.ಆರ್. ಬರೆಯಲು ಕೂತವನು. ಎಲ್.ಆರ್. ಅಂದರೆ ಲಾರಿ ರಸೀದಿ. ನಡುವೆ ಕಾರ್ಬನ್ ಹಾಳೆ ಇಟ್ಟು ಬೇರೆ ಬೇರೆ ಬಣ್ಣದ ಪ್ರತಿ. ಒಂದು ಸರಕು ಕಳಿಸಿದವರಿಗೆ, ಒಂದು ತಗೊಳ್ಳುವವರಿಗೆ, ಒಂದು ಡ್ರೈವರನ ಕೈಗೆ, ಒಂದು ಆಫೀಸಿನ ಕಡತಕ್ಕೆ. ಬಾಡಿಗೆ ಇಲ್ಲೇ ಕೊಟ್ಟಿದ್ದರೆ 'ಪೇಯ್ಡ್', ಅಲ್ಲಿ ಕೊಡುವುದಾದರೆ 'ಟು-ಪೇ'.

ವ್ಯಾಪಾರಸ್ಥರಿಗೆ ನಾವು ಹೇಳಬೇಕಾಗಿಲ್ಲ, ಆ ಚೀಟಿ ಅಂದರೆ ಸರಕೇ. ಅದನ್ನು ಬ್ಯಾಂಕಿನ ಮುಖಾಂತರ ಕಳಿಸಿದರೆ, ಕೊಳ್ಳುವವನು ದುಡ್ಡು ಕಟ್ಟಿ ಚೀಟಿ ಬಿಡಿಸಿಕೊಂಡು ಬಂದರೇ ಗೋಡೌನಿನಲ್ಲಿ ಮಾಲು ಸಿಗುತ್ತಿತ್ತು. ಮುಖ ನೋಡದ ಇಬ್ಬರು ವ್ಯಾಪಾರಿಗಳ ನಡುವೆ ಒಂದು ತೆಳು ಕಾಗದ ನಂಬಿಕೆ ಹೊತ್ತು ತಿರುಗಿತು.

ಕಾನೂನಿನ ಬಲವೂ ಅದಕ್ಕಿತ್ತು. 1865ರ ಕ್ಯಾರಿಯರ್ಸ್ ಕಾಯಿದೆಯ ಪ್ರಕಾರ ಸರಕು ಕಳೆದರೆ, ಕೆಟ್ಟರೆ ಸಾಗಣೆಯವರ ಅಲಕ್ಷ್ಯವನ್ನು ಸರಕಿನವರು ಸಾಬೀತು ಮಾಡಬೇಕಾಗಿರಲಿಲ್ಲ. ಆ ಕಾಯಿದೆಯ ಜಾಗಕ್ಕೆ 2007ರಲ್ಲಿ ಹೊಸ ಕಾಯಿದೆ ಆಯಿತು, 2011ರಲ್ಲಿ ಜಾರಿಗೆ ಬಂತು. ಆದರೆ ಕೋರ್ಟಿಗೆ ಹೋದವರು ಎಷ್ಟು ಜನ? ಒಮ್ಮೆ ಮಳೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲ ನೆನೆದಾಗ ನಮ್ಮ ಮಾಲೀಕರೇ ದಲಾಲರ ಅಂಗಡಿಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಕೂತು, ಲೆಕ್ಕ ಮುಗಿಸಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೋರ್ಡಿನ ಮೇಲೆ ಮನೆಯ ಹೆಸರು ಇತ್ತಲ್ಲ, ಅದಕ್ಕೆ.

ಕಾಲ ಬದಲಾಯಿತು. ಊರೂರ ಬಾಯಲ್ಲಿ ಲಾರಿ ನಿಲ್ಲಿಸುತ್ತಿದ್ದ ಜಕಾತಿ ನಾಕಾ 1979ರಲ್ಲಿ ಹೋಯಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ವ್ಯಾಪಾರ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದವು. 2018ರಿಂದ ಇ-ವೇ ಬಿಲ್. ಇವೆಲ್ಲ ಒಳ್ಳೆಯದೇ. ರಾತ್ರಿಯೆಲ್ಲ ನಾಕಾ ಕಟ್ಟೆಯ ಮೇಲೆ ಕಾಯುವ ಕಷ್ಟ ಯಾರಿಗೆ ಬೇಕು? ಈಗ ಸರಕು ಎಲ್ಲಿದೆ ಎಂದು ಮೊಬೈಲೇ ಹೇಳುತ್ತದೆ. ಸರಕಿನ ಜೊತೆ ಇರುವ ಮನುಷ್ಯ ಊಟ ಮಾಡಿದನೋ ಇಲ್ಲವೋ, ಅದನ್ನು ಮಾತ್ರ ಹೇಳುವುದಿಲ್ಲ.

ಕ್ಲೀನರ್ ಎಂಬ ಸಾಲಿ

ಹಳೇ ಕಂಪೆನಿಗಳ ಜೊತೆ ಹೋದದ್ದು ಬರೀ ಲಾರಿ ಅಲ್ಲ, ಒಂದು ಸಾಲಿ. ಹದಿನಾಲ್ಕು ಹದಿನೈದರ ಹುಡುಗ ಕ್ಲೀನರ್ ಎಂದು ಹತ್ತುತ್ತಿದ್ದ. ಆ ವಯಸ್ಸಿಗೆ ದುಡಿಮೆ ತಪ್ಪು. ಬೈಗುಳ ತಿಂದು ಕಲಿಯುವುದೂ ಒಳ್ಳೆಯ ಪದ್ಧತಿಯಲ್ಲ. ಅದನ್ನು ಹೊಗಳುವ ಉದ್ದೇಶ ನಮಗಿಲ್ಲ. ಆದರೆ ಅವನು ಕಲಿತದ್ದು ಸಣ್ಣದಲ್ಲ. ಕಬ್ಬಿಣದ ರಾಡಿನಿಂದ ಟೈರಿಗೆ ಬಡಿದು ಸಪ್ಪಳದಿಂದಲೇ ಗಾಳಿ ಎಷ್ಟಿದೆ ಎಂದು ಹೇಳುವುದು, ಏರಿನಲ್ಲಿ ನಿಂತ ಗಾಡಿಯ ಚಕ್ರಕ್ಕೆ ಕಲ್ಲು ಕೊಡುವುದು, ತಾಡಪಾಲಿನ ಹಗ್ಗ ಬಿಗಿಯುವುದು, ರೇಡಿಯೇಟರಿಗೆ ನೀರು ಯಾವಾಗ ಹಾಕಬೇಕು, ಯಾವಾಗ ಮುಚ್ಚಳ ಮುಟ್ಟಲೇಬಾರದು ಎಂಬುದು.

"ಅಂಕೋಲಾಕ್ಕ ಹೋಗೂ ಮುಂದ ಅರಬೈಲ್ ಘಟ್ಟ ಇಳಿಯೂದು ಬ್ರೇಕಿನ ಮ್ಯಾಲ ಅಲ್ಲ ತಮ್ಮಾ, ಗೇರಿನ ಮ್ಯಾಲ. ಬ್ರೇಕ್ ನಂಬಿದವ ಕೆಳಗ ಹ್ವಾದ" ಎಂದರು ಕಾಕಾ. ಇದನ್ನು ಅವರಿಗೆ ಹೇಳಿಕೊಟ್ಟವರು ಅವರ ಉಸ್ತಾದರು. ಆ ಉಸ್ತಾದರಿಗೆ ಇನ್ನೊಬ್ಬರು. ಎಂಜಿನ್ನಿನ ಬಿಸಿಗೆ ಎಡಗಾಲು ಬೇಯುತ್ತಿದ್ದ ಕ್ಯಾಬಿನ್ನಿನಲ್ಲಿ ಹೀಗೆ ವಿದ್ಯೆ ಕೈಯಿಂದ ಕೈಗೆ ಬಂತು.

ಈಗ ಸಂಗಡ ಕ್ಲೀನರ್ ಇರುವ ಲಾರಿ ಎಷ್ಟು? ಡೀಸೆಲ್, ಟೋಲ್, ಇನ್ಶೂರೆನ್ಸ್, ಸಾಲದ ಕಂತು ಕಟ್ಟುವಷ್ಟರಲ್ಲಿ ಎರಡನೇ ಆಳಿನ ಪಗಾರ ಎಲ್ಲಿಂದ ತರೋಣ ಎಂದು ಮಾಲೀಕರು ಕೇಳುತ್ತಾರೆ. ಅವರದೂ ಸುಳ್ಳಲ್ಲ. ಹೀಗೆ ಸಾಲಿ ಮುಚ್ಚಿತು. ಈಗ ಅದೇ ಮಾಲೀಕರು "ಡ್ರೈವರ್ ಸಿಗವಲ್ರು" ಎಂದು ತಲೆಯ ಮೇಲೆ ಕೈ ಹೊತ್ತಿದ್ದಾರೆ. ಸಾಲಿ ಮುಚ್ಚಿದ ಮೇಲೆ ಪಾಸಾದವರು ಎಲ್ಲಿಂದ ಬರಬೇಕು? ತನ್ನ ಮಗನನ್ನು ಈ ಕೆಲಸಕ್ಕೆ ಹಾಕುತ್ತೇನೆ ಎಂದ ಒಬ್ಬ ಡ್ರೈವರ್ ಕೂಡ ನಮಗೆ ಸಿಗಲಿಲ್ಲ.

ಪುಸ್ತಕದಲ್ಲಿ ಇಲ್ಲದ ಹೆಸರು

ಕಾಕಾನ ಪ್ರಶ್ನೆಗೆ ಬರೋಣ. ನಲವತ್ತು ವರ್ಷ ಗಾಡಿ ಹೊಡೆದವರ ಕೈಯಲ್ಲಿ ಏನೂ ಯಾಕೆ ಉಳಿಯಲಿಲ್ಲ?

ಕಾನೂನು ಇರಲಿಲ್ಲವೇ? ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲಿ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ದುಡಿಮೆ ಎಂದಿತ್ತು. ರಾತ್ರಿ ತಂಗುವ ಕಡೆ ವಿಶ್ರಾಂತಿ ಕೋಣೆಯ ಮಾತೂ ಇತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು 5 ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗೆ. ನಮ್ಮ ಕಡೆ ಎಷ್ಟೋ ಕಂಪೆನಿಗೆ ಸ್ವಂತದ್ದು ಬೋರ್ಡು, ಆಫೀಸು, ಎಲ್.ಆರ್. ಪುಸ್ತಕ ಮಾತ್ರ. ಲಾರಿಗಳು ಬೇರೆಯವರವು, 'ಅಟ್ಯಾಚ್' ಗಾಡಿಗಳು. ಲಾರಿಯವನ ಹತ್ತಿರ ಒಂದು ಗಾಡಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್. ಐದು ಎಲ್ಲಿ ತುಂಬಬೇಕು? ಕಂಪೆನಿ "ನಮ್ಮ ಆಳಲ್ಲ" ಎಂದಿತು. ಗಾಡಿಯವನು "ನಾನೇ ಬಡವ" ಎಂದ. ಇಬ್ಬರೂ ಹೇಳಿದ್ದು ನಿಜ. ನಡುವೆ ಬಿದ್ದವನು ಡ್ರೈವರ್. ಎಲ್.ಆರ್.ನಲ್ಲಿ ಲಾರಿಯ ನಂಬರು ನಾನೇ ಬರೆಯುತ್ತಿದ್ದೆ. ಡ್ರೈವರನ ಹೆಸರು ಅನೇಕ ಸಲ ಬರೀ 'ಡ್ರೈವರ್' ಎಂದಿರುತ್ತಿತ್ತು. ಆ ತಪ್ಪಿನಲ್ಲಿ ಈ ಕೈಯ ಪಾಲೂ ಇದೆ.

ಆ 1961ರ ಕಾಯಿದೆಯೂ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಯಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಎಂಜಿನ್ ಬಿಸಿಯಲ್ಲಿ ಬೆಂದವರು ಇದನ್ನು ಕೇಳಿ ಖುಷಿಪಡುತ್ತಾರೆ. ನಮ್ಮ ರಾಜ್ಯವೂ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಒಂದು ಕಾಯಿದೆ ಮಾಡಿದೆ. ಅದರ ವ್ಯಾಪ್ತಿಯಲ್ಲಿ ಡ್ರೈವರ್ ಅಷ್ಟೇ ಅಲ್ಲ, ಕ್ಲೀನರ್, ಮೆಕ್ಯಾನಿಕ್, ಬುಕಿಂಗ್ ಗುಮಾಸ್ತರೂ ಬರುತ್ತಾರೆ.

ಆದರೆ ಹೆಸರು ನೋಂದಾಯಿಸಿದರೆ ತಾನೆ ಕಾಯಿದೆ ಕೈಹಿಡಿಯುವುದು? ವಾರದಲ್ಲಿ ಐದು ರಾತ್ರಿ ರಸ್ತೆಯ ಮೇಲಿರುವ ಮನುಷ್ಯ ಯಾವ ಆಫೀಸಿನ ಮುಂದೆ, ಯಾವಾಗ ಸಾಲು ನಿಲ್ಲಬೇಕು?

ಆದ್ದರಿಂದ ನಮ್ಮ ಸಲಹೆ ಎರಡೇ. ಒಂದು, ಕಾರ್ಮಿಕ ಇಲಾಖೆಯವರು ಅಮರಗೋಳದ ಎಪಿಎಂಸಿಗೆ, ಟ್ರಾನ್ಸ್‌ಪೋರ್ಟ್ ಆಫೀಸುಗಳ ಸಾಲಿಗೆ ತಾವೇ ಬಂದು, ಲಾರಿಗಳು ನಿಲ್ಲುವ ಹೊತ್ತಿಗೆ ಮೇಜು ಹಾಕಿಕೊಂಡು ಕೂತು ಹೆಸರು ಬರೆದುಕೊಳ್ಳಲಿ. ಟ್ರಾನ್ಸ್‌ಪೋರ್ಟಿನವರು ಎಲ್.ಆರ್. ಮೇಲೆ ಲಾರಿ ನಂಬರಿನ ಪಕ್ಕ ಡ್ರೈವರನ ಪೂರ್ತಿ ಹೆಸರು ಬರೆಯಲಿ. ನಾಳೆ ಅದೇ ಅವನ ದುಡಿಮೆಗೆ ಸಾಕ್ಷಿ. ಹಳೇ ಕಡತ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಲಿ. ವಯಸ್ಸಾದವರಿಗೆ "ಇವರು ನಮ್ಮಲ್ಲಿ ಗಾಡಿ ಹೊಡೆದವರು" ಎಂದು ಒಂದು ಪತ್ರ ಕೊಡಲು ಖರ್ಚೇನೂ ಇಲ್ಲ.

ಎರಡು, ಸರಕು ಇಳಿಯುವ ಕಡೆ ಒಂದು ನೆರಳು, ಕುಡಿಯುವ ನೀರು, ಬೀಗ ಹಾಕದ ಒಂದು ಶೌಚಾಲಯ. ಮಹಾನಗರ ಪಾಲಿಕೆ, ಎಪಿಎಂಸಿ, ವ್ಯಾಪಾರಸ್ಥರ ಸಂಘ ಕೂಡಿ ಮಾಡಬಹುದಾದ ಕೆಲಸ. ಗದಗ ಕಡೆಯಿಂದ, ಧಾರವಾಡ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು ಕಿಟಕಿಯಿಂದ ನೋಡಿಯೇ ಇರುತ್ತೀರಿ, ನಿಂತ ಲಾರಿಯ ನೆರಳಿನಲ್ಲಿ ಸ್ಟೋವ್ ಹಚ್ಚಿ ಅನ್ನ ಬೇಯಿಸುವವರನ್ನು. ನಿಮ್ಮ ಮನೆಯ ಅಕ್ಕಿ, ಸಾಬೂನು, ಮಗುವಿನ ಔಷಧಿ ತಂದವರು ಅವರೇ.

ನಮ್ಮ ಅಂಗಡಿಗಳ ಕಪಾಟು ತುಂಬಿದ್ದು ತಾನಾಗಿಯೇ ಅಲ್ಲ ಎಂಬುದು ಲಾರಿ ಮುಷ್ಕರ ಆದ ದಿನ ಮಾತ್ರ ನೆನಪಾಗುತ್ತದೆ. ಉಳಿದ ದಿನ ಹಿಂದಿನಿಂದ ಹಾರ್ನ್ ಹೊಡೆದು "ದಾರಿ ಬಿಡೋ" ಎನ್ನುತ್ತೇವೆ.

ಕಾಕಾ ಮೊನ್ನೆ ಗುಜರಿಯವನ ಹತ್ತಿರ ಆ ಕತ್ತರಿಸಿದ ತಗಡಿನ ತುಂಡು ಕೇಳಿದರು, ಹೆಸರು ಬರೆದಿದ್ದ ತುಂಡು. ಗುಜರಿಯವನು ತೂಕ ಮಾಡಿ ರೇಟು ಹೇಳಿದ. ಕಾಕಾ ಕಿಸೆಗೆ ಕೈ ಹಾಕಿದರು. ಅವನು ಏನು ಯೋಚಿಸಿದನೋ, "ಒಯ್ರಿ ಕಾಕಾ, ಹಂಗ ಒಯ್ರಿ" ಎಂದ.

ಗುಜರಿಯವನಿಗೆ ಅರ್ಥವಾದದ್ದು ಸಂಬಂಧಪಟ್ಟ ಇಲಾಖೆಯವರಿಗೂ ಅರ್ಥವಾಗಲಿ. ಮೇಜು ಯಾವತ್ತು ಹಾಕುತ್ತೀರಿ ಎಂದು ತಿಳಿಸಿದರೆ ಇದೇ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಪ್ರಕಟಿಸುತ್ತೇವೆ.