ನಲವತ್ತೈದರೊಳಗಿನ ಆಮ್ಲಜನಕ

ಕಲ್ಲಿದ್ದಲು, ಪೆಟ್ರೋಲು ಉರಿದಾಗ ಹೊರಬರುವ ಇಂಗಾಲಕ್ಕೆ ಅದರದೇ ಗುರುತಿದೆ. ಸಸ್ಯಗಳು ಹಗುರವಾದ ಇಂಗಾಲ-12ನ್ನು ಹೆಚ್ಚು ಹೀರಿಕೊಳ್ಳುತ್ತವೆ. ಅವುಗಳಿಂದಲೇ ಹುಟ್ಟಿದ ಇಂಧನದ ಹೊಗೆಯಲ್ಲಿ ಇಂಗಾಲ-13 ಕಡಿಮೆ. ಗಾಳಿಯ ಕಾರ್ಬನ್ ಡೈಆಕ್ಸೈಡಿನಲ್ಲಿ ಇದರ ಪಾಲು ಕೈಗಾರಿಕಾ ಯುಗಕ್ಕೆ ಮೊದಲು ಅಂತರರಾಷ್ಟ್ರೀಯ ಮಾನಕಕ್ಕಿಂತ ಸಾವಿರಕ್ಕೆ ಸುಮಾರು 6.5ರಷ್ಟು ಕಡಿಮೆ ಇತ್ತು. ಈಗ ಸುಮಾರು 8.5ರಷ್ಟು ಕಡಿಮೆ. ಗಾಳಿಗೆ ಸೇರಿದ ಹೆಚ್ಚುವರಿ ಇಂಗಾಲ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಹೇಳುವ ಬಲವಾದ ಸಾಕ್ಷಿ ಇದು.

ಈ ಸಾಕ್ಷಿಯನ್ನು ಓದುವುದು ಮಾಸ್ ಸ್ಪೆಕ್ಟ್ರೋಮೀಟರ್. ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ಕಾಂತಕ್ಷೇತ್ರದಲ್ಲಿ ಬಾಗಿಸಿ, 44, 45, 46ರ ರಾಶಿಯವನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಹಿಡಿದು ಅಳೆಯುತ್ತದೆ. ತೊಡಕಿರುವುದು 45ರಲ್ಲಿ. ಇಂಗಾಲ-13 ಇರುವ ಅಣುವಿನ ರಾಶಿಯೂ 45. ಸಾಧಾರಣ ಇಂಗಾಲದೊಂದಿಗೆ ಆಮ್ಲಜನಕ-17 ಕೂಡಿದರೂ 45. ಯಂತ್ರಕ್ಕೆ ಎರಡೂ ಒಂದೇ.

ಮಾನಕ ಅನಿಲದಲ್ಲಿ 45ರ ಸಂಕೇತದ ನೂರಕ್ಕೆ ಸುಮಾರು ಆರೂವರೆ ಪಾಲು ಆಮ್ಲಜನಕದ್ದು. ಅದನ್ನು ಕಳೆಯದೆ ಇಂಗಾಲದ ಲೆಕ್ಕ ಕೈಗೆ ಬಾರದು.

ಕಳೆಯುವ ವಿಧಾನವನ್ನು 1957ರಲ್ಲಿ ಹಾರ್ಮನ್ ಕ್ರೇಗ್ ಕೊಟ್ಟರು. 46ರಿಂದ ಆಮ್ಲಜನಕ-18 ಎಷ್ಟೆಂದು ತಿಳಿದು, ಅದರ ಮೇಲಿಂದ ಆಮ್ಲಜನಕ-17ನ್ನು ಅಂದಾಜಿಸುವುದು ಅವರ ದಾರಿ. ಆದರೆ ಮಾನಕ ಅನಿಲದಲ್ಲೇ ಆಮ್ಲಜನಕ-17 ಎಷ್ಟಿದೆಯೆಂದು ಮೊದಲು ಗೊತ್ತಿರಬೇಕು. ಹತ್ತು ಲಕ್ಷ ಆಮ್ಲಜನಕ-16ಕ್ಕೆ 380 ಎಂದು ಕ್ರೇಗ್ ಇಟ್ಟುಕೊಂಡರು. ಆ ಅಂಕಿ ದಶಕಗಳ ಕಾಲ ಪ್ರಯೋಗಾಲಯಗಳ ಲೆಕ್ಕಕ್ಕೆ ಆಧಾರವಾಗಿತ್ತು.

ಅದನ್ನು ಮರಳಿ ಅಳೆಯುವುದು ಸುಲಭವಿರಲಿಲ್ಲ, ಏಕೆಂದರೆ ಬೇಕಾದ ವಸ್ತು ಇಂಗಾಲ-13ರ ಮರೆಯಲ್ಲೇ ಅಡಗಿದೆ. ಮೈನ್ಸ್ ನಗರದ ಮ್ಯಾಕ್ಸ್ ಪ್ಲಾಂಕ್ ರಸಾಯನಶಾಸ್ತ್ರ ಸಂಸ್ಥೆಯ ಅಸೊನೊವ್ ಮತ್ತು ಬ್ರೆನ್ನಿಂಕ್‌ಮೈಯರ್ ಒಂದು ಜಾಣ ಉಪಾಯ ಹೂಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಬನ್ ಡೈಆಕ್ಸೈಡನ್ನು ಕಾದ ಸೀರಿಯಂ ಆಕ್ಸೈಡಿನ ಸಂಪರ್ಕಕ್ಕೆ ತಂದರೆ ಆಮ್ಲಜನಕ ಅದಲುಬದಲಾಗುತ್ತದೆ, ಇಂಗಾಲ ಇದ್ದ ಹಾಗೇ ಉಳಿಯುತ್ತದೆ. ಹಾಗಾಗಿ 45ರಲ್ಲಿ ಕಾಣುವ ಏರಿಳಿತವೆಲ್ಲ ಆಮ್ಲಜನಕ-17ರದೇ. ಹಳೆಯ ಅಂಕಿ ಚಿಕ್ಕದಾಯಿತೆಂದು ಇದರಿಂದ ಸ್ಪಷ್ಟವಾಯಿತು. ಮುಂದೆ 2010ರಲ್ಲಿ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ, ಐಯುಪಿಎಸಿ, 393.1 ಎಂಬ ಬೆಲೆಯನ್ನು ಶಿಫಾರಸು ಮಾಡಿತು.

ಹತ್ತು ಲಕ್ಷಕ್ಕೆ ಹದಿಮೂರು ಚಿಲ್ಲರೆ ಅಂತರ ಯಾವ ಲೆಕ್ಕಕ್ಕೆ ಎನ್ನುವಂತಿಲ್ಲ. ಇಂದಿನ ಗಾಳಿಯ ಮಾದರಿಯೊಂದನ್ನು ಎರಡೂ ಅಂಕಿಗಳಿಂದ ಲೆಕ್ಕ ಹಾಕಿದರೆ ಉತ್ತರಗಳು ಸಾವಿರಕ್ಕೆ ಸುಮಾರು 0.02ರಷ್ಟು ಬೇರೆಯಾಗುತ್ತವೆ. ಪ್ರಯೋಗಾಲಯಗಳ ಅಳತೆಗಳು ಸಾವಿರಕ್ಕೆ 0.01ರೊಳಗೆ ಹೊಂದಬೇಕೆಂಬುದು ವಿಶ್ವ ಹವಾಮಾನ ಸಂಸ್ಥೆಯ ಗುರಿ. ಕಾಡು ಎಷ್ಟು ಇಂಗಾಲ ಹೀರಿತು, ಕಡಲು ಎಷ್ಟು ಹೀರಿತು ಎಂದು ಬಿಡಿಸಿ ಹೇಳಲು ಅಷ್ಟು ನಿಖರತೆ ಬೇಕೇಬೇಕು. ಲೆಕ್ಕದ ಸೂತ್ರದಿಂದ ಹುಟ್ಟಿದ ವ್ಯತ್ಯಾಸವನ್ನು ಕಡಲಿನ ಕೆಲಸವೆಂದು ಓದಿಬಿಟ್ಟರೆ ಅನರ್ಥ.

ಆದ್ದರಿಂದಲೇ ಯಾವ ಮಾನಕ ಬೆಲೆ ಬಳಸಿದೆ ಎಂದು ಪ್ರತಿ ವರದಿಯಲ್ಲೂ ನಮೂದಿಸಬೇಕು. ಯಂತ್ರ ಕೊಟ್ಟ 45, 46ರ ಮೂಲ ಅನುಪಾತಗಳನ್ನೂ ಜೋಪಾನವಾಗಿ ಇಟ್ಟಿದ್ದರೆ ಹಳೆಯ ದಾಖಲೆಗಳಿಗೆ ಹೊಸ ಬೆಲೆ ಹಾಕಿ ಲೆಕ್ಕ ತಿದ್ದಬಹುದು. ಅಂತಿಮ ಉತ್ತರವನ್ನಷ್ಟೇ ಬರೆದಿಟ್ಟ ಕಡತಕ್ಕೆ ಆ ಅವಕಾಶವಿಲ್ಲ. ಆ ವರ್ಷದ ಗಾಳಿ ಮತ್ತೆ ಸಿಗುವುದೂ ಇಲ್ಲ.